ಮೂತಿಗೊಂದು ಫಲಕ

ವೈಟ್‌ಹೇವನ್ ಬಂದರಿನ ಹಿಂದೆ, ಮೀನಂಗಡಿಗೂ ಬೀಗದಂಗಡಿಗೂ ನಡುವೆ
ಎರಡು ಮಾರಗಲದ ಜಾಗ ನನ್ನದು.
ಗಾಡಿಗಳ ಹೆಸರು ಅಚ್ಚೊತ್ತುವ ಕಸುಬು:
ಹಿಂದಕ್ಕೆ ಹಳದಿ, ಮುಂದಕ್ಕೆ ಬಿಳಿ.
ಹಿಂದಿನದನ್ನು ಯಾರೂ ಆರಿಸುವುದಿಲ್ಲ,
ಕೊಟ್ಟದ್ದನ್ನು ಬಗಲಲ್ಲಿಟ್ಟು ನಡೆಯುತ್ತಾರೆ.
ಮುಂದಿನದೆಂದರೆ ಮಾತ್ರ ಎಲ್ಲರೂ
ಕನ್ನಡಿಯ ಮುಂದೆ ನಿಂತ ಮದುಮಕ್ಕಳು.

ಅಕ್ಷರದ ಎತ್ತರ ಎಪ್ಪತ್ತೊಂಬತ್ತು ಮಿಲಿಮೀಟರ್, ಅಗಲ ಐವತ್ತು.
ಅಕ್ಷರ ಅಕ್ಷರದ ನಡುವೆ ಹನ್ನೊಂದು,
ಗುಂಪು ಗುಂಪಿನ ನಡುವೆ ಮೂವತ್ತಮೂರು.
ನಿದ್ದೆಗಣ್ಣಲ್ಲಿ ಎಬ್ಬಿಸಿ ಕೇಳಿ, ತಪ್ಪದೆ ಹೇಳುತ್ತೇನೆ.

ಪೋಸಲ್‌ತ್ವೇಟರ ಹುಡುಗ ಬರುತ್ತಾನೆ
(ಅವನ ಹೆಸರು ಯಾವ ಫಲಕಕ್ಕೂ ಹಿಡಿಸದು):
'ಅಲ್ಲೊಂದು ಕಪ್ಪು ತಿರುಪು ಹೊಡಿ, ಒಂದೊಂದು ಸೇರಿ ಎಚ್ ಆಗಲಿ,
ಅಂತರ ಸ್ವಲ್ಪ ನುಂಗು, ಮೇಲೆ ಹೊಗೆಬಣ್ಣ ಬಳಿ.'
ನಾನು ತಲೆಯಾಡಿಸುತ್ತೇನೆ, ಅಡ್ಡಡ್ಡ.
'ಉಬ್ಬಿದ ಅಕ್ಷರ ಕೊಡುತ್ತೇನೆ, ಕಡುಗಪ್ಪು,
ಸಂಜೆ ಬೆಳಕಿಗೆ ನೆರಳು ಬೀಳುವಂಥವು.
ಅದಕ್ಕಿಂತ ಸೊಗಸು ಬೇಕೆಂದರೆ
ಗಾಡಿ ತೊಳಿ.'

ಮಂಗಳವಾರ ವಿನಿಫ್ರೆಡ್ ಮಾಸಪ್ ಬಂದಳು,
ಎಂಬತ್ತೊಂದು ವರ್ಷ, ಕಂಕುಳಲ್ಲಿ
ಪಾತ್ರೆ ಒರೆಸುವ ಬಟ್ಟೆಯಲ್ಲಿ ಸುತ್ತಿದ ಗಂಟು.
ಬಿಚ್ಚಿದರೆ ಹೆರಾಲ್ಡಿನ ಮೂತಿ ಫಲಕ,
ಎಪ್ಪತ್ತೊಂದರದ್ದು, ಕಪ್ಪು ತಗಡು, ಬೆಳ್ಳಿಬಣ್ಣದ ಅಕ್ಷರ.
ಬೆಳ್ಳಿ ಅರ್ಧಕ್ಕರ್ಧ ಉದುರಿ
ಎಂಟು ಮೂರಾಗಿತ್ತು.
ಎಗ್ರಿಮಂಟಿನಲ್ಲಿ ಒಬ್ಬ ಪೊಲೀಸು ಕೈ ಅಡ್ಡ ಹಿಡಿದನಂತೆ,
'ಮೀಸೆಯೂ ಸರಿಯಾಗಿ ಬಂದಿಲ್ಲ ಅವನಿಗೆ,
ನನಗೆ ಓದು ಕಲಿಸುತ್ತಾನೆ.'

ಕಾಗದ ಕೊಡಿ, ಲೈಸೆನ್ಸ್ ಕೊಡಿ, ಎಂದೆ.
'ನನ್ನನ್ನು ನೀನು ತೊಟ್ಟಿಲಿನಿಂದ ಬಲ್ಲೆ.'
ಬಲ್ಲೆ. ಕಾಗದ ಕೊಡಿ.

ಬಿಳಿ ತೋರಿಸಿದೆ. 'ಫ್ರಿಜ್ಜಿನ ಬಾಗಿಲು,' ಅಂದಳು.
ಉಬ್ಬಕ್ಷರ ತೋರಿಸಿದೆ. 'ಸಮಾಧಿಕಲ್ಲು,
ಅದಕ್ಕಿನ್ನೂ ಹೊತ್ತಿದೆ.'
ಎಂಬತ್ತಕ್ಕೆ ಮುಂಚೆ ಹುಟ್ಟಿದ ಗಾಡಿಗೆ
ಕಪ್ಪು ಉಡುವ ಹಕ್ಕಿದೆ, ಹಳೆಯದರ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು.
ಇದೆ. ಕಪ್ಪು ತಗಡು ತೆಗೆದೆ, ಅಚ್ಚಿಗೆ ಕೊಟ್ಟೆ,
ಒಂದೊಂದೇ ಅಕ್ಷರ ಬೆನ್ನು ಉಬ್ಬಿಸಿ ಎದ್ದಿತು.

ಅವಳು ಹಳೆಯದರ ಎಡಮೂಲೆಗೆ ಬೆರಳಿಟ್ಟಳು.
'ಇದೂ ಬೇಕು.'
ಯಾವುದು?
'ಈ ತಗ್ಗು. ಎಪ್ಪತ್ತಮೂರು, ನವೆಂಬರ್.
ಗೇಟಿನ ಕಲ್ಲುಕಂಬ. ಪಕ್ಕದಲ್ಲಿ ನನ್ನ ತಂಗಿ ಡೋರ್ಕಸ್,
ನಕ್ಕೂ ನಕ್ಕೂ ಅವಳ ಹಲ್ಲಿನ ಸೆಟ್ಟು
ಕಾಲಡಿಗೆ ಬಿದ್ದು, ಇಬ್ಬರೂ ಹುಡುಕಿದೆವು ಕತ್ತಲಲ್ಲಿ.'

ನಿಯಮದ ಪುಸ್ತಕ ತೆರೆದೆ.
ಬಣ್ಣ ಇದೆ, ಅಂತರ ಇದೆ, ಅಂಚು ಇದೆ,
ಮಾಡಿದವನ ಹೆಸರಿನ ಮಾತೂ ಇದೆ.
ತಗ್ಗಿನ ಬಗ್ಗೆ ಸೊಲ್ಲಿಲ್ಲ.
ಅಕ್ಷರ ಮುಟ್ಟದ ಮೂಲೆಯೊಂದು
ಯಾರ ಅಪ್ಪಣೆಗೂ ಕಾಯದೆ ಖಾಲಿ ಇತ್ತು.

ರಬ್ಬರ್ ಸುತ್ತಿಗೆ ಅವಳ ಕೈಗಿಟ್ಟೆ.
ನೀವೇ ಹೊಡೆಯಿರಿ.

ಎತ್ತಿದಳು. ಹೊಸ ತಗಡಿನಲ್ಲಿ
ಎಂಟು ಎಂಟಾಗಿಯೇ ಹೊಳೆಯುತ್ತಿತ್ತು,
ಅದರ ಪಕ್ಕ ಅವಳ ಮೂಗು, ಟೋಪಿ,
ಹೊರಗೆ ಕಾರ್ನಿಸ್ ಮೇಲೆ ಕೂತ ಕಡಲಹಕ್ಕಿ.
ಬಹಳ ಹೊತ್ತು ಹಾಗೇ ಇದ್ದಳು.
ಮೀನಂಗಡಿಯವನು ಎರಡು ಸಲ ಐಸು ಸುರಿದ ಸದ್ದು.

ಸುತ್ತಿಗೆ ಮೇಜಿನ ಮೇಲಿಟ್ಟಳು.
'ಬೇಡ ಬಿಡು,' ಅಂದಳು, ಪರ್ಸು ತೆರೆಯುತ್ತ,
'ಕಂಬ ಇನ್ನೂ ಅಲ್ಲೇ ಇದೆ.'